ಬಸ್ ಕೇಬಲ್ ಶೀಲ್ಡ್: ಒಂದೇ ತುದಿಗೆ ಅರ್ಥಿಂಗೋ, ಎರಡೂ ತುದಿಗೋ?

ಅಂಕೋಲಾ ಪಂಪ್‌ಹೌಸ್

ಎಲ್ಲರಿಗೂ ನಮಸ್ಕಾರ. ನಮ್ಮದು ಕುಡಿಯುವ ನೀರಿನ ಯೋಜನೆ. ನದಿ ದಂಡೆಯಲ್ಲಿ ಜಾಕ್‌ವೆಲ್ (ನದಿ ನೀರೆತ್ತುವ ಬಾವಿ), ಅಲ್ಲಿಂದ ಸುಮಾರು 300 ಮೀಟರ್ ದೂರದ ಗುಡ್ಡದ ಮೇಲೆ ಶುದ್ಧೀಕರಣ ಘಟಕ. ಪಿಎಲ್‌ಸಿ (ಎಲ್ಲವನ್ನೂ ನಿಯಂತ್ರಿಸುವ ಕಂಪ್ಯೂಟರ್) ಮೇಲೆ, ಮೂರು ಪಂಪಿನ ಡ್ರೈವ್‌ಗಳು (ಮೋಟಾರ್ ವೇಗ ಹೊಂದಿಸುವ ಸಾಧನ) ಕೆಳಗೆ. ನಡುವೆ ನೇರಳೆ ಬಣ್ಣದ ಪ್ರೊಫಿಬಸ್ ಡಿಪಿ ಕೇಬಲ್ (ಎಲ್ಲ ಉಪಕರಣ ಒಂದೇ ಜೋಡಿ ತಂತಿಯಲ್ಲಿ ಮಾತಾಡುವ ಡೇಟಾ ಬಸ್), ವೇಗ ಸೆಕೆಂಡಿಗೆ 187.5 ಕಿಲೋಬಿಟ್. ಮೇಲಿನದಕ್ಕೂ ಕೆಳಗಿನದಕ್ಕೂ ಟ್ರಾನ್ಸ್‌ಫಾರ್ಮರ್ ಬೇರೆ ಬೇರೆ.

ಎರಡು ಪಂಪ್ ಓಡುವಾಗ ಏನೂ ತಕರಾರಿಲ್ಲ. ಮೂರನೆಯದು ಸ್ಟಾರ್ಟ್ ಆಗಿ ವೇಗ ಏರುತ್ತಿದ್ದ ಹಾಗೇ ಬಸ್ ಫಾಲ್ಟ್ ದೀಪ ಹೊತ್ತಿಕೊಳ್ಳುತ್ತದೆ. ಡ್ರೈವ್‌ಗಳು ಪಿಎಲ್‌ಸಿಗೆ ಕಾಣದೆ ಹೋಗುತ್ತವೆ, ಕೆಲವು ಸೆಕೆಂಡಿನಲ್ಲಿ ಮತ್ತೆ ಬರುತ್ತವೆ. ಅಷ್ಟರಲ್ಲಿ ಪಂಪ್ ಟ್ರಿಪ್ ಆಗಿರುತ್ತದೆ.

ಕೇಬಲ್ ಹಾಕಿದ ಗುತ್ತಿಗೆದಾರರು ಶೀಲ್ಡನ್ನು (ತಂತಿಗಳ ಸುತ್ತ ನಾಯ್ಸ್ ತಡೆಯುವ ಲೋಹದ ಹೊದಿಕೆ) ಮೇಲಿನ ಪ್ಯಾನಲ್‌ನಲ್ಲಿ ಮಾತ್ರ ಅರ್ಥಿಂಗ್ ಮಾಡಿದ್ದಾರೆ. ಕೆಳಗೆ ಬ್ರೇಡ್ (ಶೀಲ್ಡ್‌ನ ಹೆಣೆದ ತಂತಿ ಬಲೆ) ಕತ್ತರಿಸಿ ಟೇಪ್ ಸುತ್ತಿದ್ದಾರೆ. ಎರಡೂ ಕಡೆ ಕೊಟ್ಟರೆ ಗ್ರೌಂಡ್ ಲೂಪ್ (ಎರಡು ಅರ್ಥ್‌ಗಳ ನಡುವೆ ಶೀಲ್ಡ್ ಮೂಲಕ ವಿದ್ಯುತ್ ಸುತ್ತುವುದು) ಆಗುತ್ತದೆ ಎಂಬುದು ಅವರ ವಾದ. ನಾವು ಕೆಳಗೂ ಕೊಟ್ಟು ನೋಡಿದೆವು. ಫಾಲ್ಟ್ ನಿಂತಿತು! ಆದರೆ ಕನೆಕ್ಟರ್ ಒಳಗೆ ನಾಲ್ಕೈದು ಎಳೆ ಬ್ರೇಡ್ ಮಾತ್ರ ಕಚ್ಚಿಕೊಂಡಿದ್ದ ಜಾಗ ಮುಟ್ಟಿದರೆ ಬೆಚ್ಚಗಿತ್ತು. ಕ್ಲಾಂಪ್ ಮೀಟರ್ ಹಾಕಿದರೆ ಶೀಲ್ಡ್‌ನಲ್ಲಿ ಒಂದೂವರೆ ಆಂಪಿಯರ್ ಹತ್ತಿರ. ಹಾಗಾಗಿ ಮತ್ತೆ ಬಿಚ್ಚಿಟ್ಟಿದ್ದೇವೆ. ಯಾರ ಮಾತು ಹಿಡಿಯಬೇಕು?

ದಾಂಡೇಲಿ ಇನ್‌ಸ್ಟ್ರುಮೆಂಟ್

ಗುತ್ತಿಗೆದಾರರದ್ದು ಪೂರ್ತಿ ತಪ್ಪು ಅಂತ ಹೇಳುವ ಮೊದಲು ಸ್ವಲ್ಪ ತಡೆಯಿರಿ. ನಾವೆಲ್ಲ 4-20 ಮಿಲಿಆಂಪಿಯರ್ ಲೂಪ್‌ಗಳ (ಅಳತೆಯನ್ನು ವಿದ್ಯುತ್ ಪ್ರವಾಹವಾಗಿ ಕಳುಹಿಸುವ ಅನಲಾಗ್ ಸಂಪರ್ಕ) ಕಾಲದಿಂದ ಬಂದವರು. ಟ್ರಾನ್ಸ್‌ಮಿಟರ್ ಕಡೆ ಶೀಲ್ಡ್ ಕತ್ತರಿಸಿ ಸ್ಲೀವ್ ಹಾಕು, ಪ್ಯಾನಲ್ ಕಡೆ ಮಾತ್ರ ಅರ್ಥ್ ಬಾರ್‌ಗೆ ಕೊಡು, ಇದೇ ಪಾಠ. ಫೌಂಡೇಶನ್ ಫೀಲ್ಡ್‌ಬಸ್ ಎಚ್1 (ಅಳತೆ ಉಪಕರಣಗಳ ಡಿಜಿಟಲ್ ಬಸ್) ಬಂದಾಗಲೂ ಅದೇ ನಿಯಮ ಉಳಿಯಿತು. ಜಂಕ್ಷನ್ ಬಾಕ್ಸ್‌ಗಳಲ್ಲಿ ಶೀಲ್ಡ್‌ನಿಂದ ಶೀಲ್ಡ್‌ಗೆ ಮುಂದುವರಿಸಿ, ಪವರ್ ಕಂಡಿಷನರ್ ಕಡೆ ಒಂದೇ ಜಾಗದಲ್ಲಿ ಅರ್ಥಿಂಗ್. ಉಪಕರಣದ ತುದಿಯಲ್ಲಿ ಟೇಪ್. ಆ ಪದ್ಧತಿಯಲ್ಲಿ ದೊಡ್ಡ ದೊಡ್ಡ ಪ್ಲಾಂಟ್‌ಗಳು ವರ್ಷಗಟ್ಟಲೆ ಓಡಿವೆ.

ನಿಮ್ಮ ಒಂದೂವರೆ ಆಂಪಿಯರ್ ಸಣ್ಣ ಮಾತಲ್ಲ. ಶೀಲ್ಡ್ ಇರುವುದು ವಿದ್ಯುತ್ ಹೊರಲಿಕ್ಕಲ್ಲ.

ಬಿಣಗಾ ಆಟೊಮೇಶನ್

ದಾಂಡೇಲಿ ಸರ್ ಹೇಳಿದ್ದು ಅವರ ಕೆಲಸಕ್ಕೆ ಸರಿ. ಆದರೆ ಆ ನಿಯಮವನ್ನು ಡಿಪಿ ಕೇಬಲ್‌ಗೆ ತಂದು ಕೂರಿಸುವುದರಿಂದಲೇ ನಮ್ಮ ಕರಾವಳಿಯ ಎಷ್ಟೋ ಸೈಟ್‌ಗಳಲ್ಲಿ ಈ ಗೋಳು. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಉದ್ದ ಆದೀತು.

ಮೊದಲು, ಶೀಲ್ಡ್ ಯಾವುದನ್ನು ತಡೆಯಬೇಕು ಅಂತ ಕೇಳಿಕೊಳ್ಳಿ. 50 ಹರ್ಟ್ಸ್ ಹಮ್ ಒಂದು. ಡ್ರೈವ್‌ನೊಳಗಿನ ಐಜಿಬಿಟಿ ಸ್ವಿಚ್‌ಗಳು ಆನ್-ಆಫ್ ಆಗುವಾಗ ಏಳುವ ಚೂಪು ಅಂಚಿನ ನಾಯ್ಸ್ ಇನ್ನೊಂದು. ಡ್ರೈವ್ ಸ್ವಿಚ್ ಆಗುವುದು ಸೆಕೆಂಡಿಗೆ ಕೆಲವು ಸಾವಿರ ಸಲ ಇರಬಹುದು, ಆದರೆ ಪ್ರತಿ ಅಂಚು ಒಂದು ಮೈಕ್ರೋಸೆಕೆಂಡಿಗಿಂತಲೂ ಬೇಗ ಏರುವುದರಿಂದ ಅದರ ಶಕ್ತಿ ಮೆಗಾಹರ್ಟ್ಸ್‌ವರೆಗೆ ಚಾಚಿರುತ್ತದೆ.

ಒಂದೇ ತುದಿಗೆ ಅರ್ಥಿಂಗ್ ಆದ ಶೀಲ್ಡ್ ಕಡಿಮೆ ಆವರ್ತನದ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ. ಕಾಂತಕ್ಷೇತ್ರಕ್ಕೆ ಅದು ಅಡ್ಡಿಯೇ ಅಲ್ಲ. ಕಾಂತಕ್ಷೇತ್ರವನ್ನು ಎದುರಿಸಬೇಕಾದರೆ ಶೀಲ್ಡ್‌ನಲ್ಲಿ ಎದುರು ದಿಕ್ಕಿನ ವಿದ್ಯುತ್ ಹರಿಯಬೇಕು. ಹರಿಯಲಿಕ್ಕೆ ಸುತ್ತು ಮುಚ್ಚಿರಬೇಕು, ಅಂದರೆ ಎರಡೂ ತುದಿ ಅರ್ಥಿಂಗ್ ಆಗಿರಬೇಕು. ಇನ್ನೊಂದು ತುದಿ ತೆರೆದಿಟ್ಟ 300 ಮೀಟರ್ ಕೇಬಲ್‌ಗೆ ಕಾಲು ತರಂಗಾಂತರ 250 ಕಿಲೋಹರ್ಟ್ಸ್ ಆಸುಪಾಸಿನಲ್ಲೇ ಬಂದುಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಆ ಶೀಲ್ಡ್ ಏರಿಯಲ್ ಆಗಿ ಕೂತಿರುತ್ತದೆ. ಎರಡೂ ಕಡೆ ಕೊಟ್ಟ ಕೂಡಲೇ ನಿಮ್ಮಲ್ಲಿ ಫಾಲ್ಟ್ ನಿಂತದ್ದು ಇದಕ್ಕೇ.

ಗ್ರೌಂಡ್ ಲೂಪ್ ಹೆದರಿಕೆ ಎಲ್ಲಿಂದ ಬಂತು? ಆಡಿಯೋ ಮತ್ತು ಅನಲಾಗ್ ಕೆಲಸದಿಂದ. ಅಲ್ಲಿ ಕೆಲವು ಸಂಪರ್ಕಗಳಲ್ಲಿ ಶೀಲ್ಡೇ ಸಿಗ್ನಲ್‌ನ ಹಿಂದಿರುಗುವ ದಾರಿ, ಅದರಲ್ಲಿ 50 ಹರ್ಟ್ಸ್ ಹರಿದರೆ ನೇರ ಸಿಗ್ನಲ್‌ಗೇ ಸೇರುತ್ತದೆ. ಡಿಪಿ ಬಳಸುವ ಆರ್‌ಎಸ್-485 ಪದ್ಧತಿಯಲ್ಲಿ ಸಿಗ್ನಲ್ ಇರುವುದು ಹೆಣೆದ ಎರಡು ತಂತಿಗಳ ನಡುವಿನ ವ್ಯತ್ಯಾಸದಲ್ಲಿ. ಹೊರಗಿನ ಬ್ರೇಡ್‌ನಲ್ಲಿ ಸ್ವಲ್ಪ 50 ಹರ್ಟ್ಸ್ ಹರಿದರೆ ಅದು ಹಸಿರು ತಂತಿಗೂ ಕೆಂಪು ತಂತಿಗೂ ಒಂದೇ ಸಮ ತಾಗುತ್ತದೆ, ವ್ಯತ್ಯಾಸ ಕೆಡುವುದಿಲ್ಲ. ಹಾಗಾಗಿ ಡಿಪಿಯಲ್ಲಿ ಶೀಲ್ಡ್ ಎರಡೂ ತುದಿಗೆ, ನಡುವಿನ ಪ್ರತಿ ಉಪಕರಣದಲ್ಲೂ. ಈಥರ್‌ನೆಟ್ ಮೇಲೆ ಓಡುವ ಪ್ರೊಫಿನೆಟ್‌ಗೂ ಇದೇ ಮಾತು.

ಆದರೆ ಒಂದೂವರೆ ಆಂಪಿಯರ್ ಬಗ್ಗೆ ದಾಂಡೇಲಿ ಸರ್ ಆತಂಕ ನನಗೂ ಇದೆ. ಅದು ನಿಮ್ಮ ಎರಡು ಕಟ್ಟಡದ ಅರ್ಥ್ ಒಂದೇ ಅಲ್ಲ ಅಂತ ಹೇಳುತ್ತಿದೆ. ಎರಡು ಬಾವಿಯ ನೀರಿನ ಮಟ್ಟ ಬೇರೆ ಇದ್ದು ನಡುವೆ ಸಣ್ಣ ಪೈಪು ಹಾಕಿದರೆ ನೀರು ಹರಿದೇ ಹರಿಯುತ್ತದೆ. ಪೈಪು ಕತ್ತರಿಸಿದರೆ ಹರಿಯುವುದು ನಿಲ್ಲುತ್ತದೆ, ಮಟ್ಟದ ವ್ಯತ್ಯಾಸ ಅಲ್ಲೇ ಇರುತ್ತದೆ.

ಒಂದು ಕೆಲಸ ಮಾಡಿ. ಈಗ ಕೆಳಗೆ ಶೀಲ್ಡ್ ಬಿಚ್ಚಿದೆಯಲ್ಲ, ಆ ಬ್ರೇಡ್‌ಗೂ ಕೆಳಗಿನ ಅರ್ಥ್ ಬಾರ್‌ಗೂ ನಡುವೆ ಎಸಿ ವೋಲ್ಟ್ ಎಷ್ಟಿದೆ ನೋಡಿ. ಕೈಗವಸು ಹಾಕಿಕೊಳ್ಳಿ, ಬರಿಗೈಯಲ್ಲಿ ಬ್ರೇಡ್ ಹಿಡಿಯಬೇಡಿ.

ಶಿರಸಿ ವೈರಿಂಗ್

ನಡುವೆ ಬಾಯಿ ಹಾಕ್ತಿದ್ದೇನೆ. ನಾನು ಅಡಿಕೆ ಡ್ರೈಯರ್‌ಗಳ ಪ್ಯಾನಲ್ ಮಾಡಿಕೊಡ್ತೇನೆ. ಮೋಡ್‌ಬಸ್ ಆರ್‌ಟಿಯು (ಅದೇ ಆರ್‌ಎಸ್-485 ಮೇಲೆ ಓಡುವ ಬಸ್), ಒಂದೇ ಶೆಡ್, ನಾಲ್ಕು ತಾಪಮಾನ ಕಂಟ್ರೋಲರ್, ಕೇಬಲ್ 40 ಮೀಟರ್ ಒಳಗೆ. ನನಗೂ ಎರಡು ಕಡೆ ಬೇಕಾ?

ಬಿಣಗಾ ಆಟೊಮೇಶನ್

@ಶಿರಸಿ ಮೋಡ್‌ಬಸ್ ಸೀರಿಯಲ್ ಮಾರ್ಗದರ್ಶಿಯಲ್ಲೇ ಶೀಲ್ಡ್ ಒಂದು ತುದಿಯಲ್ಲಿ ರಕ್ಷಣಾ ಅರ್ಥ್‌ಗೆ ಅಂತ ಇದೆ. ನಿಮ್ಮದು 9600 ವೇಗ ಇದ್ದೀತು, ಒಂದೇ ಶೆಡ್‌ಗೆ ಅದು ಸಾಕು. ಅದಕ್ಕಿಂತ ಮುಖ್ಯ, ಕಾಮನ್ ತಂತಿ (ಎಲ್ಲ ಉಪಕರಣಗಳ ಸೊನ್ನೆ ವೋಲ್ಟ್ ಸೇರಿಸುವ ಮೂರನೇ ತಂತಿ) ಎಳೆದಿದ್ದೀರಾ? ತುಂಬಾ ಜನ ಎ, ಬಿ ಎರಡೇ ಎಳೆದು ಬಿಟ್ಟುಬಿಡುತ್ತಾರೆ. ಆರ್‌ಎಸ್-485 ಚಿಪ್ ತಾಳಿಕೊಳ್ಳುವ ಕಾಮನ್ ಮೋಡ್ ವೋಲ್ಟೇಜ್ (ಎರಡೂ ತಂತಿಗೆ ಸಮನಾಗಿ ಬರುವ ವೋಲ್ಟೇಜ್) ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಮಾತ್ರ. ಶೀಲ್ಡನ್ನೇ ಕಾಮನ್ ಮಾಡಿಕೊಳ್ಳಬೇಡಿ, ಅದಕ್ಕೆ ಬೇರೆ ತಂತಿ. ಎರಡು ತುದಿಗೆ 120 ಓಮ್ ಟರ್ಮಿನೇಟರ್ (ಸಿಗ್ನಲ್ ತುದಿಯಿಂದ ಪ್ರತಿಫಲಿಸದಂತೆ ತಡೆಯುವ ರೆಸಿಸ್ಟರ್).

ಅಂಕೋಲಾ ಪಂಪ್‌ಹೌಸ್

ಅಳೆದೆವು. ಪಂಪ್ ಎಲ್ಲ ನಿಂತಾಗ 6 ವೋಲ್ಟ್ ಆಸುಪಾಸು, ಮೂರೂ ಓಡುವಾಗ 10 ವೋಲ್ಟ್ ಸಮೀಪ. ಟರ್ಮಿನೇಟರ್ ಕೂಡ ನೋಡಿದೆವು. ಎಲ್ಲ ಆಫ್ ಮಾಡಿ ಎ-ಬಿ ನಡುವೆ ಅಳೆದರೆ 110 ಓಮ್ ಹತ್ತಿರ ಬರುತ್ತದೆ.

ಬಿಣಗಾ ಆಟೊಮೇಶನ್

110 ಬಂದರೆ ಡಿಪಿಯ ಎರಡು ತುದಿಯ 220 ಓಮ್ ಎರಡೂ ಸಮಾಂತರವಾಗಿ ಇವೆ ಅಂತಾಯಿತು. ಅದನ್ನು ಬಿಡಿ.

10 ವೋಲ್ಟ್ ಎಸಿ ಅಂದರೆ ಶಿಖರ 14, ಮೇಲೆ ಹೇಳಿದ ಚಿಪ್‌ನ ಮಿತಿ ದಾಟಿತು. ಡ್ರೈವ್‌ನ ಬಸ್ ಪೋರ್ಟ್ ಐಸೋಲೇಟೆಡ್ ಇರುವುದಕ್ಕೆ ಬದುಕಿದೆ. ಅದೇ ಲೈನಿನಲ್ಲಿ ಐಸೋಲೇಶನ್ ಇಲ್ಲದ ಅಗ್ಗದ ಎನರ್ಜಿ ಮೀಟರ್ ಇದ್ದಿದ್ದರೆ ಚಿಪ್ ಸುಟ್ಟಿರುತ್ತಿತ್ತು.

ಕುಮಟಾ ಅರ್ಥಿಂಗ್

ನನ್ನ ಕೆಲಸವೇ ಅರ್ಥ್ ಪಿಟ್ಟು, ಸಿಡಿಲು ರಕ್ಷಣೆ. ಆದ್ದರಿಂದ ಈ 10 ವೋಲ್ಟ್ ಎಲ್ಲಿಂದ ಬಂತು ಅಂತ ಹೇಳ್ತೇನೆ.

ನಮ್ಮ ಗುಡ್ಡಗಳೆಲ್ಲ ಚಿರೆಕಲ್ಲು. ಮಳೆಗಾಲದಲ್ಲಿ ನೀರು ಕುಡಿದು ನಿಲ್ಲುತ್ತದೆ, ಏಪ್ರಿಲ್ ಮೇ ಬಂತು ಅಂದರೆ ಒಣಗಿ ಕಟಕಟ. ಅಂಥ ಗುಡ್ಡದ ಮೇಲೆ ತೋಡಿದ ಪಿಟ್‌ನ ಪ್ರತಿರೋಧ ಬೇಸಿಗೆಯಲ್ಲಿ ಮಳೆಗಾಲದ ಹಲವು ಪಟ್ಟು ಏರುತ್ತದೆ. ಕೆಳಗೆ ನದಿ ದಂಡೆಯ ಮಣ್ಣು ವರ್ಷಪೂರ್ತಿ ಹಸಿ. ಅಘನಾಶಿನಿ ನದಿ ಪಕ್ಕದ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಸಿಗಡಿ ಕೆರೆಗಳಿಗೆ ಪಿಟ್ ಹಾಕಿದರೆ ಉಪ್ಪು ಇದ್ದಿಲು ಏನೂ ಬೇಡ, ರಾಡ್ ಹೊಡೆದರೆ ಸಾಕು ಅನ್ನುವಷ್ಟು ಕಡಿಮೆ ಬರ್ತದೆ. ಆದರೆ ಅಲ್ಲಿ ರಾಡೇ ಉಳಿಯುವುದಿಲ್ಲ, ತಿಂದುಹೋಗ್ತದೆ. ಅದು ಬೇರೆ ಕಥೆ. ನಿಮ್ಮದರಲ್ಲಿ ಎರಡು ಟ್ರಾನ್ಸ್‌ಫಾರ್ಮರ್, ಎರಡು ನ್ಯೂಟ್ರಲ್ ಅರ್ಥ್, ನಡುವೆ ಇರುವುದು ಬರೀ ಮಣ್ಣು. ಲೀಕೇಜ್ ಆಗುವ ವಿದ್ಯುತ್ ಒಣ ಪಿಟ್‌ನಲ್ಲಿ ಹರಿದಲ್ಲೆಲ್ಲ ವೋಲ್ಟೇಜ್ ಹುಟ್ಟುತ್ತದೆ.

ಇನ್ನೊಂದು ವಿಷಯ, ಕೇಳದಿದ್ದರೂ ಹೇಳ್ತೇನೆ. ಪಿಎಲ್‌ಸಿಗೆ "ಕ್ಲೀನ್ ಅರ್ಥ್" ಅಂತ ಬೇರೆಯೇ ಪಿಟ್ ತೋಡಿ, ಅದನ್ನು ಪವರ್ ಅರ್ಥ್‌ಗೆ ಎಲ್ಲೂ ಸೇರಿಸದೆ ಬಿಟ್ಟಿರುವ ಜಾಗಗಳಿವೆ. ಇದು ಅಪಾಯ. ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದರೆ ಆ ಎರಡು ಪಿಟ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಒಂದು ಕ್ಷಣಕ್ಕೆ ಎದ್ದು ನಿಲ್ಲುತ್ತದೆ, ಅದು ಹಾದುಹೋಗುವುದು ಪಿಎಲ್‌ಸಿ ಕಾರ್ಡ್‌ನ ಒಳಗಿಂದ. ಪಿಟ್ ಎಷ್ಟೇ ಇರಲಿ, ಕಟ್ಟಡದೊಳಗೆ ಎಲ್ಲ ಒಂದು ಮುಖ್ಯ ಬಾರ್‌ಗೆ ಬಂದು ಸೇರಬೇಕು. ಅರ್ಥಿಂಗ್‌ನ ಭಾರತೀಯ ಮಾನದಂಡ ಐಎಸ್ 3043 ತೆಗೆದು ಓದಿ. ದಯವಿಟ್ಟು ನಿಮ್ಮ ಮೇಲಿನ ಪ್ಯಾನಲ್‌ನಲ್ಲಿ ಹೀಗೆ ಬೇರೆ ಪಿಟ್ ಇದೆಯೋ ನೋಡಿ.

ಅಂಕೋಲಾ ಪಂಪ್‌ಹೌಸ್

ಇದೆ! ಪಿಎಲ್‌ಸಿ ಪ್ಯಾನಲ್ ಹಿಂದೆ ಹಸಿರು ತಂತಿ ಒಂದು ನೇರ ಹೊರಗಿನ ಪಿಟ್‌ಗೆ ಹೋಗಿದೆ. ಮುಖ್ಯ ಬಾರ್‌ಗೆ ಸಂಪರ್ಕ ಇಲ್ಲ.

ಕುಮಟಾ ಅರ್ಥಿಂಗ್

ಮೊದಲು ಅದನ್ನು ಸೇರಿಸಿ. ಉಳಿದ ಮಾತು ಆಮೇಲೆ. ಸೇರಿಸುವುದನ್ನು ಲೈಸೆನ್ಸ್ ಇದ್ದ ಸೂಪರ್‌ವೈಸರ್ ಎದುರಿಗೆ, ಸಪ್ಲೈ ಆಫ್ ಮಾಡಿಯೇ ಮಾಡಿ.

ದಾಂಡೇಲಿ ಇನ್‌ಸ್ಟ್ರುಮೆಂಟ್

ಬಿಣಗಾದವರ ವಿವರಣೆ ಒಪ್ಪುತ್ತೇನೆ. ಡಿಪಿಗೆ ಎರಡೂ ತುದಿ ಸರಿ. ಆದರೆ ಓದುವ ಹುಡುಗರು ನಾಳೆ ಇದನ್ನು ಎಲ್ಲ ಕೇಬಲ್‌ಗೂ ಹಚ್ಚಬಾರದು ಅಂತ ಎರಡು ಮಾತು.

ಎಚ್1 ಮತ್ತು ಪ್ರೊಫಿಬಸ್ ಪಿಎ (ಅಳತೆ ಉಪಕರಣಗಳಿಗಾಗಿ ಇರುವ ಪ್ರೊಫಿಬಸ್) ಓಡುವುದು ಸೆಕೆಂಡಿಗೆ 31.25 ಕಿಲೋಬಿಟ್‌ನಲ್ಲಿ. ಅದೇ ಜೋಡಿ ತಂತಿಯಲ್ಲಿ ಉಪಕರಣಕ್ಕೆ ಪವರ್ ಕೂಡ. ಅವು ಹೆಚ್ಚಾಗಿ ಇರುವುದು ಅನಿಲ, ದ್ರಾವಕ ಇರುವ ಅಪಾಯದ ವಲಯಗಳಲ್ಲಿ. ಅಲ್ಲಿ ಶೀಲ್ಡ್‌ನಲ್ಲಿ ಹರಿಯುವ ಸಣ್ಣ ವಿದ್ಯುತ್ ಕೂಡ ಬಿಚ್ಚುವಾಗ ಕಿಡಿ ಆಗಬಹುದು. ಅದಕ್ಕೇ ಐಇಸಿ 60079-14 (ಸ್ಫೋಟದ ಅಪಾಯವಿರುವ ಜಾಗದ ವಿದ್ಯುತ್ ಕೆಲಸದ ಮಾನದಂಡ) ಹೇಳುವುದು, ಸಾಮಾನ್ಯವಾಗಿ ಒಂದೇ ಕಡೆ, ಅದೂ ಅಪಾಯವಿಲ್ಲದ ವಲಯದ ತುದಿಯಲ್ಲಿ. ಎರಡೂ ತುದಿ ಬೇಕೆಂದರೆ ಎರಡು ಜಾಗದ ಅರ್ಥ್ ಒಂದೇ ಮಟ್ಟದಲ್ಲಿದೆ ಎಂಬ ಗಟ್ಟಿ ಭರವಸೆ ಇರಬೇಕು. ಇಲ್ಲವಾದರೆ ಒಂದು ತುದಿ ನೇರ, ಉಳಿದ ಕಡೆ ಸಣ್ಣ ಸೆರಾಮಿಕ್ ಕೆಪ್ಯಾಸಿಟರ್ ಮೂಲಕ. ಒಂದೊಂದು 1 ನ್ಯಾನೋಫ್ಯಾರಡ್, ಎಲ್ಲ ಸೇರಿ 10 ಮೀರಬಾರದು. ಕೆಪ್ಯಾಸಿಟರ್ 50 ಹರ್ಟ್ಸ್‌ಗೆ ಬಾಗಿಲು ಮುಚ್ಚುತ್ತದೆ, ಎತ್ತರದ ಆವರ್ತನಕ್ಕೆ ತೆರೆಯುತ್ತದೆ.

ಡಿವೈಸ್‌ನೆಟ್ ಎಂಬ ಬಸ್ ಮತ್ತೆ ಬೇರೆ. ಅಲ್ಲಿ ಇಡೀ ಜಾಲಕ್ಕೆ ಒಂದೇ ಅರ್ಥಿಂಗ್ ಬಿಂದು, ಪವರ್ ಸಪ್ಲೈ ಹತ್ತಿರ. ಎಎಸ್-ಐ ಎಂಬ ಸೆನ್ಸರ್ ಬಸ್‌ನ ಹಳದಿ ಚಪ್ಪಟೆ ಕೇಬಲ್‌ಗಂತೂ ಶೀಲ್ಡೇ ಇಲ್ಲ, ಅದರ ಎರಡು ತಂತಿಯಲ್ಲಿ ಯಾವುದನ್ನೂ ಅರ್ಥ್‌ಗೆ ಕೊಡಬಾರದು. ಯಾವ ಬಸ್ ಅಂತ ಕೇಳದೆ "ಒಂದು ಕಡೆ" ಅಥವಾ "ಎರಡು ಕಡೆ" ಅಂತ ಹೇಳುವವರ ಮಾತನ್ನು ನಂಬಬೇಡಿ.

ಬೈತಕೋಲ್ ಐಸ್‌ಪ್ಲಾಂಟ್

ನಾನು ಬಂದರಿನ ಪಕ್ಕದ ಮಂಜುಗಡ್ಡೆ ಘಟಕದಲ್ಲಿ ಕೆಲಸ ಮಾಡುವವ. ನಮ್ಮಲ್ಲಿ ಕಂಪ್ರೆಸರ್ ಡ್ರೈವ್‌ಗಳು. ಕೇಳಬೇಕಾದ್ದು ಇಷ್ಟೆ: ಅಂಕೋಲಾದವರ ಮೂರನೇ ಪಂಪ್‌ನ ಮೋಟಾರ್ ಕೇಬಲ್ ಯಾವುದು? ಬಸ್ ಕೇಬಲ್ ಪೆಟ್ಟು ತಿನ್ನುತ್ತಿದೆ ಸರಿ, ಹೊಡೆಯುತ್ತಿರುವವ ಯಾರು ಅಂತ ಯಾರೂ ನೋಡಲಿಲ್ಲವಲ್ಲ ಮಾರಾಯ್ರೆ.

ಅಂಕೋಲಾ ಪಂಪ್‌ಹೌಸ್

ಒಂದು ಮತ್ತು ಎರಡಕ್ಕೆ ಶೀಲ್ಡ್ ಇರುವ ಮೋಟಾರ್ ಕೇಬಲ್. ಮೂರನೆಯದು ನಂತರ ಸೇರಿಸಿದ್ದು, ಮಾಮೂಲಿ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್. ಬಸ್ ಕೇಬಲ್ ಇರುವ ಟ್ರೇಯಲ್ಲೇ ಮಲಗಿದೆ, ಹತ್ತಿಪ್ಪತ್ತು ಮೀಟರ್ ಒಟ್ಟಿಗೇ ಹೋಗುತ್ತದೆ. ಆರ್ಮರ್ ಮೋಟಾರ್ ಕಡೆ ಗ್ಲ್ಯಾಂಡ್‌ಗೆ (ಕೇಬಲ್ ಹೊಕ್ಕುವಲ್ಲಿ ಅದನ್ನು ಬಿಗಿಹಿಡಿಯುವ ಭಾಗ) ಸರಿಯಾಗಿ ಕಚ್ಚಿದಂತೆ ಕಾಣುವುದಿಲ್ಲ.

ಬಿಣಗಾ ಆಟೊಮೇಶನ್

ಬೈತಕೋಲದವರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಡ್ರೈವ್ ಪ್ರತಿ ಸಲ ಸ್ವಿಚ್ ಆದಾಗ ಮೋಟಾರ್ ಕೇಬಲ್‌ನಿಂದ, ಮೋಟಾರ್ ಸುರುಳಿಯಿಂದ ಅದರ ಮೈಗೆ ಚುರುಕಾದ ವಿದ್ಯುತ್ ಸೋರುತ್ತದೆ. ಆ ವಿದ್ಯುತ್ ಡ್ರೈವ್‌ಗೆ ಹಿಂದಿರುಗಲೇಬೇಕು. ಮೋಟಾರ್ ಕೇಬಲ್‌ನ ಶೀಲ್ಡ್ ಎರಡೂ ಕಡೆ ಸರಿ ಇದ್ದರೆ ಅದರಲ್ಲೇ ಮರಳುತ್ತದೆ. ಇಲ್ಲದಿದ್ದರೆ ಪಂಪ್ ಅಡಿಪಾಯ, ಪೈಪ್‌ಲೈನ್, ಟ್ರೇ, ಪಕ್ಕದ ಬಸ್ ಕೇಬಲ್, ಸಿಕ್ಕಿದ ದಾರಿ ಹಿಡಿಯುತ್ತದೆ. ಮೂರನೇ ಪಂಪ್‌ಗೆ ಮಾತ್ರ ಫಾಲ್ಟ್ ಬರುವುದಕ್ಕೆ ಕಾರಣ ಇದೇ ಇರಬೇಕು.

ಕೇಬಲ್ ಬದಲಿಸುವವರೆಗೆ ಕನಿಷ್ಠ ಟ್ರೇ ಬೇರೆ ಮಾಡಿ. ನಡುವೆ ಲೋಹದ ತಡೆ ಇಲ್ಲದಿದ್ದರೆ 20 ಸೆಂಟಿಮೀಟರ್ ಬಿಡಿ, ಡ್ರೈವ್ ಕೇಬಲ್‌ಗೆ ಅದಕ್ಕಿಂತ ಹೆಚ್ಚು ಬಿಟ್ಟಷ್ಟೂ ಒಳ್ಳೆಯದು. ದಾಟಬೇಕಾದಲ್ಲಿ ನೇರ ಅಡ್ಡ ದಾಟಿಸಿ.

ಬಸ್ ಶೀಲ್ಡ್ ಹೇಗೆ ಹಿಡಿಯಬೇಕು ಅನ್ನುವುದಕ್ಕೆ ಬರೋಣ. ನಿಮ್ಮ ಕನೆಕ್ಟರ್‌ನಲ್ಲಿ ನಾಲ್ಕೈದು ಎಳೆ ಕಚ್ಚಿತ್ತು ಅಂದಿರಿ. ಬ್ರೇಡನ್ನು ಹೊಸೆದು ಬಾಲ ಮಾಡಿ ಲಗ್ ಹಾಕಿ ಬಾರ್‌ಗೆ ಬಿಗಿಯುವುದು ಎಲ್ಲ ಕಡೆ ಕಾಣುತ್ತದೆ. 10 ಸೆಂಟಿಮೀಟರ್ ಬಾಲದ ಇಂಡಕ್ಟನ್ಸ್ ಸುಮಾರು 100 ನ್ಯಾನೋಹೆನ್ರಿ. 50 ಹರ್ಟ್ಸ್‌ಗೆ ಅದು ಲೆಕ್ಕಕ್ಕೇ ಇಲ್ಲ. 5 ಮೆಗಾಹರ್ಟ್ಸ್‌ಗೆ 3 ಓಮ್. ಮಲ್ಟಿಮೀಟರ್ ಸೊನ್ನೆ ತೋರಿಸಿದ ಜಾಗ ನಾಯ್ಸ್‌ಗೆ ಅರ್ಧ ಮುಚ್ಚಿದ ಬಾಗಿಲು. ಹಾಗಾಗಿ ಹೊರ ಸಿಪ್ಪೆ ಮಾತ್ರ ತೆಗೆದು, ಬ್ರೇಡ್ ಕತ್ತರಿಸದೆ, ಕೇಬಲ್ ಪ್ಯಾನಲ್ ಒಳಗೆ ಬರುವ ಜಾಗದಲ್ಲೇ ಸುತ್ತಲೂ ಅಪ್ಪಿಕೊಳ್ಳುವ ಕ್ಲಾಂಪ್ ಹಾಕಿ. ಕ್ಲಾಂಪ್ ಕೂರುವ ಪ್ಲೇಟ್‌ನ ಬಣ್ಣ ಕೆರೆಯಿರಿ. ಶೀಲ್ಡ್ ಅಲ್ಲಿಂದ ಮುಂದೆ ಕನೆಕ್ಟರ್‌ವರೆಗೂ ಹೋಗಬೇಕು.

ಬೈತಕೋಲ್ ಐಸ್‌ಪ್ಲಾಂಟ್

ಆ ಕೆರೆದ ಜಾಗವನ್ನು ನಮ್ಮ ಊರಲ್ಲಿ ಹಾಗೇ ಬಿಟ್ಟರೆ ಒಂದು ಮಳೆಗಾಲಕ್ಕೆ ತುಕ್ಕು. ಸಮುದ್ರದ ಗಾಳಿ ಬರೀ ತಾಮ್ರದ ಬ್ರೇಡನ್ನೂ ಬಿಡುವುದಿಲ್ಲ, ಹಸಿರು ಕಟ್ಟುತ್ತದೆ. ತವರ ಲೇಪದ ಬ್ರೇಡ್, ಸ್ಟೇನ್‌ಲೆಸ್ ಸ್ಪ್ರಿಂಗ್ ಕ್ಲಾಂಪ್, ಸತು ಲೇಪದ ಮೌಂಟಿಂಗ್ ಪ್ಲೇಟ್ ತೆಗೆದುಕೊಳ್ಳಿ. ಬಿಗಿದ ಮೇಲೆ ಸಂಪರ್ಕದ ಸುತ್ತ ಕಾಂಟ್ಯಾಕ್ಟ್ ಗ್ರೀಸ್. ಅಲ್ಯೂಮಿನಿಯಂ ಮೇಲೆ ನೇರ ತಾಮ್ರ ಕೂರಿಸಬೇಡಿ. ಮಳೆ ಮುಗಿದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಬಿಗಿ ನೋಡಬೇಕು.

ನೇರಳೆ ಪಿವಿಸಿ ಕೇಬಲ್ ಟ್ರೆಂಚ್‌ನಲ್ಲಿದೆಯಾ? ಅದು ಒಳಾಂಗಣದ್ದು. ನೆಲದಡಿಗೆ ಪಾಲಿಥೀನ್ ಹೊದಿಕೆಯ ಬೇರೆ ಕೇಬಲ್ ಬರ್ತದೆ. ಹೊದಿಕೆ ಒಂದು ಕಡೆ ಸೀಳಿದರೆ ನೀರು ಬ್ರೇಡ್ ಹಿಡಿದು ಎಷ್ಟೋ ದೂರ ತೆವಳಿ ಕನೆಕ್ಟರ್ ಒಳಗೆ ಬಂದು ಕೂರ್ತದೆ.

ಕುಮಟಾ ಅರ್ಥಿಂಗ್

ಈಗ ಎರಡು ಕಟ್ಟಡ ಸೇರಿಸುವ ಲೆಕ್ಕ. ಪ್ರೊಫಿಬಸ್ ಮಾರ್ಗದರ್ಶಿ ಈಕ್ವಿಪೊಟೆನ್ಷಿಯಲ್ ಬಾಂಡಿಂಗ್‌ಗೆ (ಎರಡು ಕಡೆಯ ಅರ್ಥ್ ಸಮಮಟ್ಟಕ್ಕೆ ತರುವ ಜೋಡಣೆ) ಕನಿಷ್ಠ ತಾಮ್ರ 6, ಅಲ್ಯೂಮಿನಿಯಂ 16, ಉಕ್ಕು 50 ಚದರ ಮಿಲಿಮೀಟರ್ ಅನ್ನುತ್ತದೆ. ಕನಿಷ್ಠಕ್ಕೆ ನಿಲ್ಲಬೇಡಿ. 6 ಚದರದ ತಾಮ್ರ 300 ಮೀಟರ್‌ಗೆ 0.9 ಓಮ್ ದಾಟುತ್ತದೆ. ನಾವು ಎಲ್ಲ ಕಡೆ ಬಳಸುವ 50×6 ಮಿಲಿಮೀಟರ್ ಜಿಐ (ಸತು ಲೇಪದ ಉಕ್ಕು) ಪಟ್ಟಿ ಹಾಕಿದರೆ 0.15 ಓಮ್ ಆಸುಪಾಸು. ನಿಮ್ಮ ಕೇಬಲ್ ಶೀಲ್ಡ್ ಕಿಲೋಮೀಟರಿಗೆ 10 ಓಮ್ ಅಂತ ಹಿಡಿದರೆ 300 ಮೀಟರ್‌ಗೆ 3 ಓಮ್. ಎರಡೂ ಪಕ್ಕಪಕ್ಕ ಇದ್ದಾಗ ಇಪ್ಪತ್ತರಲ್ಲಿ ಒಂದು ಪಾಲಷ್ಟೇ ಶೀಲ್ಡ್‌ಗೆ. ಪಟ್ಟಿ ಬಸ್ ಕೇಬಲ್ ಹೋದ ದಾರಿಯಲ್ಲೇ, ಹತ್ತಿರವೇ ಹೋಗಲಿ. ಸುತ್ತಿ ಬಳಸಿ ಹೋದರೆ ನಡುವಿನ ಜಾಗ ದೊಡ್ಡ ಲೂಪ್ ಆಗ್ತದೆ.

ಆದರೆ ಎರಡು ಟ್ರಾನ್ಸ್‌ಫಾರ್ಮರ್‌ನ ಅರ್ಥ್ ಸೇರಿಸುವುದು ಬರೀ ಬಸ್‌ನ ವಿಷಯ ಅಲ್ಲ. ಒಂದು ಕಡೆ ಅರ್ಥ್ ಫಾಲ್ಟ್ ಆದರೆ ಇನ್ನೊಂದು ಕಡೆಗೂ ವೋಲ್ಟೇಜ್ ಬರಬಹುದು. ನಕ್ಷೆ ಮಾಡಿ, ಹೆಸ್ಕಾಂ ಕಡೆಯವರಿಗೂ ವಿದ್ಯುತ್ ಪರಿವೀಕ್ಷಕರಿಗೂ ತೋರಿಸಿಯೇ ಮುಂದುವರಿಯಿರಿ.

ಬಿಣಗಾ ಆಟೊಮೇಶನ್

ಅದಕ್ಕೇ ನನ್ನ ಮತ ಆಪ್ಟಿಕಲ್ ಫೈಬರ್‌ಗೆ. ಎರಡು ಕಟ್ಟಡ, ಎರಡು ಟ್ರಾನ್ಸ್‌ಫಾರ್ಮರ್, ಗುಡ್ಡ, ಸಿಡಿಲು. ಇಂಥಲ್ಲಿ ತಾಮ್ರದ ಬಸ್ ಎಳೆಯುವುದೇ ಬೇಡ. ಗಾಜಿನ ಮಲ್ಟಿಮೋಡ್ ಫೈಬರ್‌ಗೆ 300 ಮೀಟರ್ ಏನೂ ಅಲ್ಲ. ಎರಡು ತುದಿಗೆ ಒಂದೊಂದು ಆಪ್ಟಿಕಲ್ ಲಿಂಕ್ ಮಾಡ್ಯೂಲ್ (ತಾಮ್ರದ ಸಿಗ್ನಲನ್ನು ಬೆಳಕಿಗೆ ಬದಲಿಸುವ ಸಾಧನ), ಒಂದೊಂದು 24 ವೋಲ್ಟ್ ಸಪ್ಲೈ. ಆಮೇಲೆ ಕೆಳಗಿನ ಡ್ರೈವ್‌ಗಳ ನಡುವಿನ ಸಣ್ಣ ತಾಮ್ರದ ತುಂಡಿಗೆ ಶೀಲ್ಡ್ ಎರಡೂ ಕಡೆ, ನಿಶ್ಚಿಂತೆ.

ದಾಂಡೇಲಿ ಇನ್‌ಸ್ಟ್ರುಮೆಂಟ್

ಫೈಬರ್ ಒಳ್ಳೆಯದೇ. ಆದರೆ ಅದನ್ನು ಹಾಕಿದ ಮಾತ್ರಕ್ಕೆ ಮೂರನೇ ಮೋಟಾರ್ ಕೇಬಲ್‌ನ ರೋಗ ವಾಸಿಯಾಗುವುದಿಲ್ಲ. ನಾಯ್ಸ್ ಕೆಳಗಿನ ಕಟ್ಟಡದ ಒಳಗೇ ಇದೆ. ಹಾಗಾಗಿ ಮೋಟಾರ್ ಕೇಬಲ್ ಮೊದಲು, ಫೈಬರ್ ಆಮೇಲೆ. ಈ ಕ್ರಮದ ಬಗ್ಗೆ ನಾನು ಹಟ ಹಿಡಿಯುತ್ತೇನೆ.

ಬಿಣಗಾ ಆಟೊಮೇಶನ್

ಒಪ್ಪಿದೆ ಸರ್. ಕ್ರಮ ನಿಮ್ಮದೇ ಇರಲಿ.

ಅಂಕೋಲಾ ಪಂಪ್‌ಹೌಸ್

ಎಲ್ಲರಿಗೂ ತುಂಬಾ ಉಪಕಾರ. ಆದ ಕೆಲಸ ಬರೆಯುತ್ತೇನೆ, ಇಂಥದೇ ತೊಂದರೆ ಇದ್ದವರಿಗೆ ಬೇಕಾದೀತು.

ಪಿಎಲ್‌ಸಿಯ ಬೇರೆ ಪಿಟ್ ಮುಖ್ಯ ಬಾರ್‌ಗೆ ಸೇರಿತು. ಮೂರನೇ ಪಂಪ್‌ಗೆ ಶೀಲ್ಡ್ ಇರುವ ಮೋಟಾರ್ ಕೇಬಲ್ ಬಂತು, ಎರಡೂ ಕಡೆ ಸುತ್ತ ಹಿಡಿಯುವ ಲೋಹದ ಗ್ಲ್ಯಾಂಡ್. ಬಸ್ ಕೇಬಲ್ ಬೇರೆ ಟ್ರೇಗೆ ಹೋಯಿತು. ಇಷ್ಟಾದ ಮೇಲೆ ಕೆಳಗೆ ಶೀಲ್ಡ್ ಬಿಚ್ಚಿರುವಾಗಲೇ ಮೂರನೇ ಪಂಪ್ ಸ್ಟಾರ್ಟ್ ಮಾಡಿ ನೋಡಿದೆವು. ಫಾಲ್ಟ್ ತುಂಬಾ ಅಪರೂಪ ಆಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಡಯಾಗ್ನೋಸ್ಟಿಕ್‌ನಲ್ಲಿ ಮರುಕಳಿಸಿದ ಟೆಲಿಗ್ರಾಂಗಳು (ತಪ್ಪಿಹೋಗಿ ಮತ್ತೆ ಕಳುಹಿಸಿದ ಬಸ್ ಸಂದೇಶಗಳು) ಕಾಣುತ್ತಿದ್ದವು. ಅನುಮತಿ ಸಿಕ್ಕಿ ಜಿಐ ಪಟ್ಟಿ ಹಾಕಿ, ಶೀಲ್ಡನ್ನು ಎರಡೂ ಕಡೆ ಕ್ಲಾಂಪ್‌ನಲ್ಲಿ ಹಿಡಿದ ಮೇಲೆ ಅವೂ ಇಲ್ಲ. ಶೀಲ್ಡ್‌ನಲ್ಲಿ ಈಗ ಕ್ಲಾಂಪ್ ಮೀಟರ್ 150 ಮಿಲಿಆಂಪಿಯರ್‌ಗಿಂತ ಕೆಳಗೆ ತೋರಿಸುತ್ತದೆ.

ಫೈಬರ್‌ಗೆ ಎಸ್ಟಿಮೇಟ್ ಕೇಳಿದ್ದಾರೆ. ಟೆಂಡರ್‌ನಲ್ಲಿ ಏನು ಬರೆಯಬೇಕು? ಹೆಗ್ಗಣದ ಕಾಟ ಇದೆ, ಆರ್ಮರ್ಡ್ ಫೈಬರ್ ಅಂತ ಸಲಹೆ ಬಂದಿದೆ.

ಕುಮಟಾ ಅರ್ಥಿಂಗ್

ಉಕ್ಕಿನ ಆರ್ಮರ್ ಬರೆದರೆ ಮತ್ತೆ ಎರಡು ಕಟ್ಟಡದ ನಡುವೆ ಲೋಹ ಎಳೆದಂತೆ. ಸಿಡಿಲಿಗೆ ದಾರಿ. "ಲೋಹ ಇಲ್ಲದ, ಗಾಜಿನ ನೂಲಿನ ರಕ್ಷಣೆ ಇರುವ, ಹೊರಾಂಗಣದ ಫೈಬರ್ ಕೇಬಲ್, ಎಚ್‌ಡಿಪಿಇ ಪೈಪಿನೊಳಗೆ" ಅಂತ ಬರೆಯಿರಿ. ಹೆಗ್ಗಣಕ್ಕೆ ಪೈಪೇ ಅಡ್ಡಿ, ಪೈಪಿನ ಬಾಯಿ ಎರಡೂ ಕಡೆ ಸೀಲ್ ಮಾಡಿಸಿ. ಉಕ್ಕಿನ ಆರ್ಮರೇ ಬರುವುದಾದರೆ ಅದನ್ನು ಕಟ್ಟಡ ಹೊಕ್ಕುವಲ್ಲೇ ಮುಖ್ಯ ಬಾರ್‌ಗೆ ಸೇರಿಸಬೇಕು ಎಂಬ ಸಾಲು ಇರಲಿ. ನಾಲ್ಕು ಎಳೆ ಸಾಕಾದರೂ ಎಂಟು ಎಳೆಯದ್ದು ಕೇಳಿ. ಪವರ್ ಲೈನ್‌ಗೆ ಎರಡೂ ಕಟ್ಟಡದಲ್ಲಿ ಸರ್ಜ್ ಪ್ರೊಟೆಕ್ಷನ್ ಬೇರೆ ಐಟಂ ಆಗಿ ಸೇರಿಸಿ, ಇಲ್ಲದಿದ್ದರೆ ಅದನ್ನು ಯಾರೂ ಹಾಕುವುದಿಲ್ಲ.

ಬಿಣಗಾ ಆಟೊಮೇಶನ್

ಜೊತೆಗೆ ಇದನ್ನೂ ಬರೆಯಿರಿ: ಕೆಲಸ ಮುಗಿದ ಮೇಲೆ ಪ್ರತಿ ಎಳೆಯ ಲಾಸ್ ಅಳತೆ, ತಾಮ್ರದ ಪ್ರತಿ ಸೆಗ್ಮೆಂಟ್‌ನ ಶೀಲ್ಡ್ ವಿದ್ಯುತ್ ಅಳತೆ, ಪಂಪ್ ನಿಂತಾಗ ಒಮ್ಮೆ, ಮೂರೂ ಓಡುವಾಗ ಒಮ್ಮೆ, ಬರಹದಲ್ಲಿ ಕೊಡಬೇಕು. ಒಪ್ಪಿಸುವ ಅಳತೆ ಮಳೆಗಾಲದಲ್ಲಿ ಆದರೆ ಮುಂದಿನ ಮೇ ತಿಂಗಳಲ್ಲಿ ಇನ್ನೊಮ್ಮೆ ಅಳೆಯುವ ಹೊಣೆ ಗುತ್ತಿಗೆದಾರರದ್ದೇ ಅಂತ ಸೇರಿಸಿ.